ಸ್ಟೀಲ್ ಡಬ್ಬಿಯಲ್ಲಿ ಮೂರು ಚೀಟಿ

2015ನೇ ಇಸವಿ ಡಿಸೆಂಬರ್ 5, ಶನಿವಾರದ ಪುಟದಲ್ಲಿ ನಾನು ಬರೆದದ್ದು ಇಷ್ಟು: "ಗ್ಯಾಲ್ವೆಸ್ಟನ್ ಬೀಚು. ಬಿಸಿಲು, ಸ್ವಲ್ಪ ಗಾಳಿ. ಹುಡುಕಾಟ 1. ಶುರು 10:12. ನಿಲ್ಲಿಸಿದ್ದು 10:55. ಸಿಗಲಿಲ್ಲ." ಅದರ ಕೆಳಗೆ ಭಾವ ನನ್ನ ಪೆನ್ನು ಕಸಿದುಕೊಂಡು ತಮ್ಮ ಕಡೆಯಿಂದ ಒಂದು ಪದ ಸೇರಿಸಿದರು: "ಸತ್ತೆ."

ನಾವು ಹುಡುಕುತ್ತಿದ್ದದ್ದು ಒಂದು ಬೀಕನ್. ಸೋಪಿನ ಡಬ್ಬಿಯಷ್ಟು ದೊಡ್ಡ ಯಂತ್ರ. ಹಿಮದ ಬೆಟ್ಟಗಳಲ್ಲಿ ದಾರಿಯಿಲ್ಲದ ಕಡೆ ನಡೆಯುವವರು ಅದನ್ನು ಜಾಕೆಟ್ಟಿನ ಒಳಗೆ ಎದೆಗೆ ಕಟ್ಟಿಕೊಳ್ಳುತ್ತಾರೆ. ಅದು ಎಡೆಬಿಡದೆ ಸಂಕೇತ ಕಳಿಸುತ್ತಿರುತ್ತದೆ. ಹಿಮಕುಸಿತದಲ್ಲಿ ಒಬ್ಬರು ಹೂತುಹೋದರೆ ಉಳಿದವರು ತಮ್ಮ ಬೀಕನ್ನನ್ನು ಹುಡುಕುವ ಕ್ರಮಕ್ಕೆ ಬದಲಿಸಿಕೊಂಡು, ಅದರ ಪರದೆಯ ಮೇಲಿನ ಬಾಣವನ್ನೂ ಕಡಿಮೆಯಾಗುತ್ತ ಬರುವ ಅಂಕಿಯನ್ನೂ ಹಿಂಬಾಲಿಸಬೇಕು. ಹೂತವರಿಗೆ ಮೊದಲ ಕಾಲು ಗಂಟೆಯೇ ಮುಖ್ಯ ಎಂದು ನಮಗೆ ಕಲಿಸಿದ್ದರು. ಹ್ಯೂಸ್ಟನ್ನಿನಲ್ಲಿ ಹಿಮವನ್ನು ಎಲ್ಲಿಂದ ತರುವುದು? ಹಾಗಾಗಿ ಸಮುದ್ರದ ಮರಳು.

ಹೂಳುವ ಕೆಲಸ ಅಕ್ಕನದು. ನನ್ನನ್ನೂ ಭಾವನನ್ನೂ ಕಾರಿನಲ್ಲಿ ಕೂರಿಸಿ, ಈ ಕಡೆ ತಿರುಗಬಾರದೆಂದು ಆಣೆ ಹಾಕಿಸಿ, ತಾನೊಬ್ಬಳೇ ಹೋಗಿ ಹೂತು ಬಂದಳು. ಆಮೇಲೆ ಮಡಿಸುವ ಕುರ್ಚಿಯಲ್ಲಿ ಕುಳಿತು ಫೋನಿನ ಗಡಿಯಾರ ಒತ್ತಿದಳು. ನಮ್ಮ ಬಾಣಗಳು ಒಂದು ಸಲ ನೀರಿನ ಕಡೆ ತೋರಿಸಿದವು, ಒಂದು ಸಲ ರಸ್ತೆಯ ಕಡೆ. ಅಂಕಿ ಬರುತ್ತಿತ್ತು, ಮಾಯವಾಗುತ್ತಿತ್ತು. ನಲವತ್ತು ನಿಮಿಷದ ಹೊತ್ತಿಗೆ ಭಾವನ ಬೆನ್ನೆಲ್ಲ ಒದ್ದೆ.

ಅಷ್ಟರಲ್ಲಿ ಲೋಹ ಹುಡುಕುವ ಕೋಲು ಹಿಡಿದು ದಿನಾ ಬೀಚಿನಲ್ಲಿ ಅಡ್ಡಾಡುವ ಒಬ್ಬ ಮುದುಕ ಹತ್ತಿರ ಬಂದ. ಏನು ಕಳೆದುಕೊಂಡಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದ.

"ನನ್ನ ಗಂಡನನ್ನ," ಎಂದಳು ಅಕ್ಕ, ಅವನದೇ ಭಾಷೆಯಲ್ಲಿ, ಕುರ್ಚಿಯಿಂದ ಏಳದೆ.

ಮುದುಕ ಭಾವನನ್ನೊಮ್ಮೆ, ಅಕ್ಕನನ್ನೊಮ್ಮೆ ನೋಡಿದ. ನಾನು ವಿಷಯ ವಿವರಿಸಿದೆ. ಅವನು ತಲೆಯಾಡಿಸಿ ತನ್ನ ಕೋಲನ್ನು ಮರಳಿನ ಮೇಲೆ ಎರಡು ಸಾಲು ಆಡಿಸಿದ. ಅದು ಕಿರುಚಿತು. ಅಗೆದರೆ, ಮೊಣಕೈ ಆಳದಲ್ಲಿ ಅಕ್ಕನ ಅಡಿಗೆಮನೆಯ ಸ್ಟೀಲ್ ಡಬ್ಬಿ. ಮುಚ್ಚಳ ಬಿಗಿಯಾಗಿ ಹಾಕಿತ್ತು. ಒಳಗೆ ಬೀಕನ್.

"ಅಷ್ಟು ದುಬಾರಿ ಸಾಮಾನು, ಮರಳು ಹೋಗಲ್ವಾ ಒಳಗೆ?" ಅಂದಳು ಅಕ್ಕ.

"ಅಲ್ವೇ, ಲೋಹದ ಡಬ್ಬಿಯಿಂದ ಸಿಗ್ನಲ್ ಹೊರಗೆ ಹೇಗೆ ಬರುತ್ತೆ?" ಎಂದರು ಭಾವ.

"ಅದನ್ನ ಮೊದಲೇ ಹೇಳ್ಬೇಕಿತ್ತು. ನಮ್ಮನೇಲಿ ಬೆಲೆಬಾಳೋದೆಲ್ಲ ಸ್ಟೀಲ್ ಡಬ್ಬೀಲೇ ಇಡೋದು. ಕೇಸರಿ ಇಟ್ಟಿಲ್ವಾ? ಪಾಸ್‌ಪೋರ್ಟ್ ಇಟ್ಟಿಲ್ವಾ?"

ಮೂವರೂ ಮರಳಲ್ಲಿ ಕುಳಿತು ನಕ್ಕೆವು. ನಗುತ್ತ ನಗುತ್ತ ಅಕ್ಕ ಕಣ್ಣೊರೆಸಿಕೊಂಡಳು. ಆಮೇಲೆ ಅವಳ ನಗು ನಿಂತರೂ ಒರೆಸಿಕೊಳ್ಳುವುದು ನಿಲ್ಲಲಿಲ್ಲ. ಅವಳಿಗೆ ಆಗ ಮೂರನೆಯ ತಿಂಗಳು.

ಇದೆಲ್ಲ ಶುರುವಾದದ್ದು ಅದಕ್ಕೂ ಒಂದು ತಿಂಗಳು ಹಿಂದೆ, ದೀಪಾವಳಿಯ ಊಟದಲ್ಲಿ. ಅಕ್ಕ ಭಾವ ಇರುವುದು ಹ್ಯೂಸ್ಟನ್ನಿನ ಕ್ಲಿಯರ್ ಲೇಕ್‌ನಲ್ಲಿ. ಭಾವ ಅಲ್ಲಿ ಎಂಜಿನಿಯರು. ನಾನು ಆಸ್ಟಿನ್ನಿನಿಂದ ಬಂದಿದ್ದೆ. ಡಲ್ಲಾಸಿನಿಂದ ಒಬ್ಬ ಅಂಕಲ್, ಅವರ ಹೆಂಡತಿ ಆಂಟಿ ಬಂದಿದ್ದರು. ಅಂಕಲ್ ಹುಬ್ಬಳ್ಳಿಯವರು, ಐವತ್ತೇಳು ವರ್ಷ, ಡಲ್ಲಾಸಿನಲ್ಲಿ ಸ್ವಂತ ವ್ಯಾಪಾರ. ಎಂಟು ಚಳಿಗಾಲಗಳಿಂದ ಕೊಲರಾಡೋ ಬೆಟ್ಟಗಳಿಗೆ ಹೋಗಿ, ಬೂಟಿಗೆ ಅಗಲವಾದ ಸ್ನೋಶೂ ಕಟ್ಟಿಕೊಂಡು ಹಿಮದಲ್ಲಿ ನಡೆದುಬರುವ ಅಭ್ಯಾಸ. ಭಾವನಿಗೆ ಆ ರುಚಿ ಹತ್ತಿಸಿದವರು ಅವರೇ. ಊಟದ ನಡುವೆ ಭಾವ ಫೋನು ತೆಗೆದು ಹಿಂದಿನ ಚಳಿಗಾಲದ ಒಂದು ಚಿತ್ರ ತೋರಿಸಿದರು: ಬಿಳಿ ಇಳಿಜಾರು, ಅದರ ನಡುವೆ ಯಾರೋ ಚಾಕುವಿನಿಂದ ಕೊಯ್ದಂತೆ ಒಂದು ಅಂಚು, ಕೆಳಗೆ ಮುರಿದ ಹಿಮದ ಗುಡ್ಡೆ.

"ನಾವು ಮುಂಜಾನೆ ಅಲ್ಲೇ ದಾಟಿದ್ವಿ, ಮಧ್ಯಾಹ್ನ ಬಿತ್ತು ನೋಡ್ರಿ," ಎಂದರು ಅಂಕಲ್, ಹೋಳಿಗೆಗೆ ತುಪ್ಪ ಹಾಕಿಕೊಳ್ಳುತ್ತ. "ನಸೀಬ ಛಲೋ ಇತ್ತು."

ಸಾರು ಬಡಿಸುತ್ತಿದ್ದ ಅಕ್ಕನ ಸೌಟು ಪಾತ್ರೆಗೂ ಭಾವನ ತಟ್ಟೆಗೂ ನಡುವೆ ನಿಂತಿತು. ಆ ಚಿತ್ರವನ್ನು ಅವಳು ನೋಡಿದ್ದು ಅದೇ ಮೊದಲು.

ಮಾರನೆಯ ದಿನ ನನ್ನೆದುರೇ ಅವರಿಬ್ಬರ ಮಾತು ನಡೆಯಿತು. ಅಕ್ಕ ಹೋಗಬೇಡಿ ಎಂದು ಹೇಳಲಿಲ್ಲ. ಅವಳು ಹೇಳಿದ್ದು ಬೇರೆ. "ರೀ, ನಿಮಗೆ ಅದೊಂದೇ ಖುಷಿ ಇರೋದು, ನನಗೆ ಗೊತ್ತು. ಅದನ್ನ ಕಿತ್ಕೊಂಡು ನಾನೇನ್ಮಾಡ್ಲಿ? ಆದ್ರೆ ನಸೀಬ ಅಂತ ಹೇಳೋರ ಹಿಂದೆ ಕಳಿಸಲ್ಲ. ಕಲೀರಿ. ನನ್ನ ಮುಂದೆ ಪರೀಕ್ಷೆ ಕೊಡಿ. ಪಾಸಾದ್ರೆ ಹೋಗಿ." ಆಮೇಲೆ ನನ್ನ ಕಡೆ ತಿರುಗಿದಳು. "ನೀನೂ ಹೋಗು. ಲೆಕ್ಕ ಇಡೋಳು ಒಬ್ಬಳು ಇರ್ಲಿ ಇವರ ಜೊತೆ."

ನಾನು ಹತ್ತನೇ ವಯಸ್ಸಿನಿಂದ ಡೈರಿ ಬರೆಯುವವಳು. ಆಗ ಇಪ್ಪತ್ತನಾಲ್ಕು. ಆಸ್ಟಿನ್ನಿನಲ್ಲಿ ಕಂಪ್ಯೂಟರ್ ಚಿಪ್‌ಗಳನ್ನು ಪರೀಕ್ಷಿಸುವ ಕೆಲಸ: ಅಳೆಯುವುದು, ಬರೆಯುವುದು, ಸರಾಸರಿ ತೆಗೆಯುವುದು. ಮನೆಯಲ್ಲಿ ನನ್ನನ್ನು ಎಲ್ಲರೂ ಶಾನುಭೋಗರೆಂದೇ ಕರೆಯುವುದು. ಅಕ್ಕ ತನ್ನ ಗಂಡನನ್ನು ನನ್ನ ಪುಸ್ತಕಕ್ಕೆ ಒಪ್ಪಿಸಿದ್ದಳು. ನನಗೆ ಅದು ದೊಡ್ಡ ಮರ್ಯಾದೆ ಎನಿಸಿತ್ತು.

ಕಲಿತೆವು. ನವೆಂಬರಿನಲ್ಲಿ ಎರಡು ಸಂಜೆ ಆಸ್ಟಿನ್ನಿನಲ್ಲಿ ತರಗತಿ, ಜನವರಿಯ ರಜೆಯಲ್ಲಿ ಕೊಲರಾಡೋದಲ್ಲಿ ಎರಡು ದಿನ ಹಿಮದ ಮೇಲೆ ಪಾಠ. ನಾನು ಹ್ಯೂಸ್ಟನ್ ಪಕ್ಕದ ಸ್ಟಾಫರ್ಡಿನ ಇಂಡಿಯನ್ ಅಂಗಡಿಯ ಅಕ್ಕಿ ಚೀಲವನ್ನು ಬೆನ್ನಿನ ಬ್ಯಾಗಿಗೆ ಹಾಕಿಕೊಂಡು ಆಫೀಸಿನ ಪಾರ್ಕಿಂಗ್ ಕಟ್ಟಡದ ಮೆಟ್ಟಿಲು ಹತ್ತುತ್ತಿದ್ದೆ, ದಿನಕ್ಕೆ ಆರು ಅಂತಸ್ತು, ನಾಲ್ಕು ಸಲ. ಪ್ರತಿ ಬೆಳಿಗ್ಗೆ ಕಾಫಿ ಕುಡಿಯುವಾಗ ಆ ಬೆಟ್ಟಗಳ ಹಿಮಕುಸಿತದ ಮುನ್ಸೂಚನೆ ಓದಿ, ಅಪಾಯದ ಮಟ್ಟವನ್ನು ಡೈರಿಯ ಅಂಚಿನಲ್ಲಿ ಬರೆಯುತ್ತಿದ್ದೆ. ಒಂದರಿಂದ ಐದರವರೆಗೆ. ಕಿಟಕಿಯಾಚೆ ಜನ ಚಡ್ಡಿ ಹಾಕಿಕೊಂಡು ನಾಯಿ ಅಡ್ಡಾಡಿಸುತ್ತಿದ್ದರು. ನನ್ನ ಪುಟದಲ್ಲಿ ಮಾತ್ರ: 2, 2, 3, 3, 4, 3.

ಮೂರು ಎಂಬುದೇ ಮೋಸದ ಅಂಕಿ ಎಂದು ಪಾಠ ಹೇಳಿದಾಕೆ ಹೇಳಿದ್ದರು. ನಾಲ್ಕು, ಐದು ಇದ್ದರೆ ಜನ ಮನೆಯಲ್ಲೇ ಉಳಿಯುತ್ತಾರೆ. ಮೂರಿದ್ದಾಗ ಬೆಟ್ಟ ನೋಡಲು ಚೆನ್ನಾಗಿಯೇ ಇರುತ್ತದೆ.

ಬೀಚಿನ ಪರೀಕ್ಷೆಯೂ ಮುಂದುವರಿಯಿತು. ಡಬ್ಬಿಯ ಬದಲು ಪ್ಲಾಸ್ಟಿಕ್ ಚೀಲ. ಡಿಸೆಂಬರ್ 13, ಹತ್ತೊಂಬತ್ತು ನಿಮಿಷ. ಡಿಸೆಂಬರ್ 27, ಹದಿನಾಲ್ಕು. ಜನವರಿ 3, ಹನ್ನೊಂದು. ಜನವರಿ 10, ಒಂಬತ್ತು. ಅಂಕಿ ಇಳಿಯುತ್ತ ಬಂದಂತೆ ನನಗೆ ಧೈರ್ಯ ಏರುತ್ತ ಹೋಯಿತು.

ಜನವರಿ 24ರ ಭಾನುವಾರ ಡಲ್ಲಾಸ್ ಅಂಕಲ್ ಕೂಡ ಬಂದರು. ಅಂದು ಮೂವರೂ ಹುಡುಕಬೇಕಿತ್ತು. ಅಂಕಲ್ ತಮ್ಮ ಬೀಕನ್ನನ್ನು ಅರೆಗಳಿಗೆ ನೋಡಿ, ಒಂದು ಕಡೆ ಸಲಿಕೆ ಊರಿ, "ಇಲ್ಲೇ ಐತಿ, ಅಗೀರಿ," ಎಂದರು. ನನ್ನ ಬಾಣ ಎಡಕ್ಕೆ ತೋರಿಸುತ್ತಿತ್ತು. ಭಾವನದೂ ಎಡಕ್ಕೇ. ನಾವಿಬ್ಬರೂ ಅದನ್ನು ನೋಡಿದೆವು, ಒಬ್ಬರ ಮುಖ ಒಬ್ಬರು ನೋಡಿಕೊಂಡೆವು, ಬಗ್ಗಿ ಅಂಕಲ್ ತೋರಿಸಿದಲ್ಲೇ ಅಗೆದೆವು. ಅಲ್ಲಿ ಒಂದು ಚಪ್ಪಲಿ ಸಿಕ್ಕಿತು. ಬೀಕನ್ ಸಿಕ್ಕಿದಾಗ ಹದಿನೇಳು ನಿಮಿಷ ಆಗಿತ್ತು.

ಅಕ್ಕ ಕುರ್ಚಿಯಿಂದ ಎದ್ದು ಬಂದಳು. ಕೋಪವಿರಲಿಲ್ಲ, ಅಚ್ಚರಿಯಿತ್ತು. "ನಿಮ್ಮಿಬ್ಬರ ಕೈಲೂ ಮಿಷನ್ ಇತ್ತು. ಎರಡೂ ಆ ಕಡೆ ಅಂತಿತ್ತು. ಯಾಕೆ ಈ ಕಡೆ ಅಗೆದ್ರಿ?"

ಭಾವ ಮರಳು ಕೊಡವಿಕೊಂಡರು. "ಅಂಕಲ್ ಹೇಳಿದ್ರಲ್ಲ ಅಂತ…"

"ನಾ ಏನು ದೇವರೇನೋ ತಮ್ಮಾ?" ಅಂಕಲ್ ಪೆಚ್ಚಾದರು. "ತಪ್ಪೈತಿ ಅಂತ ಬಾಯಿ ಬಿಟ್ಟು ಹೇಳಬಾರದೇನು?"

"ಹೇಳಲ್ಲ ಅಂಕಲ್, ಅವರು ಹೇಳಲ್ಲ," ಅಂದಳು ಅಕ್ಕ. "ನಾನೇ ಇದ್ದಿದ್ರೂ ಹೇಳ್ತಿರ್ಲಿಲ್ಲ. ನಮ್ಮನೇಲಿ ದೊಡ್ಡೋರು ಸಾರಿಗೆ ಉಪ್ಪು ಸರಿ ಇದೆ ಅಂದ್ರೆ ಸರಿ ಇದೆ. ಮುಗೀತು."

ಆ ದಿನ ಮಧ್ಯಾಹ್ನ ಅವಳೇ ಉಪಾಯ ಹುಡುಕಿದಳು. ಹಿಮದ ಗುಂಪುಗಳಲ್ಲಿ ಒಬ್ಬರು ಬೇಡವೆಂದರೂ ಎಲ್ಲರೂ ಹಿಂದಿರುಗಬೇಕೆಂಬ ನಿಯಮವಿದೆ, ಅದನ್ನು ನಮಗೂ ಕಲಿಸಿದ್ದರು. ಆದರೆ ನಮ್ಮ ಮೂವರಲ್ಲಿ ಆ ಬೇಡವನ್ನು ಬಾಯಲ್ಲಿ ಹೇಳುವವರು ಯಾರು? ಹಾಗಾಗಿ ಚೀಟಿ. ಅಪಾಯದ ಇಳಿಜಾರಿಗೆ ಕಾಲಿಡುವ ಮುಂಚೆ ಮೂವರೂ ಒಬ್ಬರಿಗೊಬ್ಬರು ಬೆನ್ನು ಹಾಕಿ ಬರೆಯಬೇಕು, ಮಡಿಸಿ ಡಬ್ಬಿಗೆ ಹಾಕಬೇಕು. ಒಂದರಲ್ಲಿ ವಾಪಸ್ ಎಂದಿದ್ದರೂ ಎಲ್ಲರೂ ವಾಪಸ್. ಯಾರು ಬರೆದರೆಂದು ಯಾವತ್ತೂ ಕೇಳುವ ಹಾಗಿಲ್ಲ. ಡಬ್ಬಿ ಅದೇ, ಬೀಕನ್ ಹೂತಿಟ್ಟಿದ್ದ ಸ್ಟೀಲ್ ಡಬ್ಬಿ.

"ಪಂಚಾಯ್ತಿ ಎಲೆಕ್ಷನ್ ಮಾಡಾಕ್ಹತ್ತೀರಲ್ರಿ," ಎಂದು ಅಂಕಲ್ ನಕ್ಕರು. ಆದರೆ ಒಪ್ಪಿದರು.

ಜನವರಿ 31, ಕೊನೆಯ ಪರೀಕ್ಷೆ. ಏಳು ನಿಮಿಷ. ಅಕ್ಕ ನನ್ನ ಡೈರಿಯಲ್ಲಿ ತನ್ನ ಕೈಯಿಂದಲೇ "ಪಾಸ್" ಎಂದು ಬರೆದಳು.

ಫೆಬ್ರವರಿಯ ಮೂರು ದಿನದ ರಜೆಗೆ ಹೊರಟೆವು. ನಾನು ಆಸ್ಟಿನ್ನಿನಿಂದ, ಭಾವ ಹ್ಯೂಸ್ಟನ್ನಿನಿಂದ ಡಲ್ಲಾಸಿಗೆ ಡ್ರೈವ್ ಮಾಡಿ, ಅಲ್ಲಿಂದ ಅಂಕಲ್ ಕಾರಿನಲ್ಲಿ ಮೂವರೂ ಒಟ್ಟಿಗೆ. ಅಂಕಲ್ ಒಂದು ಪುಟ್ಟ ಕೆರೆ ತೋರಿಸುತ್ತೇನೆ ಎಂದಿದ್ದರು. ಮರಗಳು ಮುಗಿಯುವ ಎತ್ತರದಲ್ಲಿ, ಹೆಪ್ಪುಗಟ್ಟಿದ ಕೆರೆ. ಅಲ್ಲಿಗೆ ಹೋಗಲು ಒಂದು ಬಯಲು ಇಳಿಜಾರನ್ನು ಅಡ್ಡ ದಾಟಬೇಕು. ಎಂಟು ಚಳಿಗಾಲವೂ ಅವರು ಅದನ್ನು ದಾಟಿದ್ದರು.

ಫೆಬ್ರವರಿ 13, ಶನಿವಾರ. ಮುನ್ಸೂಚನೆ: ಮರಗಳ ನಡುವೆ 2, ಮರಗಳು ಮುಗಿಯುವ ಎತ್ತರದಿಂದ ಮೇಲೆ 3. ಕಾರು ನಿಲ್ಲಿಸಿದಲ್ಲಿ ಬೀಕನ್‌ಗಳ ತಪಾಸಣೆ ನನ್ನದು. ಒಬ್ಬೊಬ್ಬರಾಗಿ ನನ್ನತ್ತ ನಡೆದು ಬರಬೇಕು, ಎಷ್ಟು ದೂರದಿಂದ ಸಂಕೇತ ಸಿಗುತ್ತದೆಂದು ನಾನು ಬರೆಯಬೇಕು. ಅಂಕಲ್‌ನದು ದೂರದಿಂದಲೇ ಸಿಕ್ಕಿತು. ಭಾವನದು ಹತ್ತಿರ ಬಂದರೂ ತಡವರಿಸಿತು. ನಾನು ಒಪ್ಪಲಿಲ್ಲ. ಜಾಕೆಟ್ಟು ಬಿಚ್ಚಿಸಿದೆ. ಬೀಕನ್ನಿಗೆ ಒತ್ತಿಕೊಂಡಂತೆ, ಆರಿಹೋಗದಿರಲಿ ಎಂದು ಎದೆಯ ಹತ್ತಿರ ಇಟ್ಟುಕೊಂಡಿದ್ದ ಆರು ಚಪಾತಿ, ದಪ್ಪ ಫಾಯಿಲ್ ಸುತ್ತಿ. ಜೊತೆಗೆ ಫೋನು.

"ಡಬ್ಬಿ ಹೋತು, ಫಾಯಿಲ್ ಬಂತು," ಎಂದರು ಅಂಕಲ್. "ನಿಮ್ಮ ಮನಿಯವರು ಬಿಡೂದಿಲ್ಲ ನಿನ್ನ."

ಚಪಾತಿ, ಫೋನು ಬೆನ್ನಿನ ಬ್ಯಾಗಿಗೆ ಹೋದವು. ಸಂಕೇತ ಸರಿಯಾಯಿತು. ಇಬ್ಬರೂ ನನ್ನನ್ನು ಹೊಗಳಿದರು. ನಾನು ಆ ಹೊಗಳಿಕೆಯನ್ನೂ ಹೊತ್ತುಕೊಂಡೇ ಬೆಟ್ಟ ಹತ್ತಿದೆ.

ಮರಗಳ ನಡುವೆ ಎರಡು ಗಂಟೆ. ಹಿಮ ಎಲ್ಲ ಶಬ್ದವನ್ನೂ ಕುಡಿದುಬಿಡುತ್ತದೆ. ನಮ್ಮ ಉಸಿರು, ಸ್ನೋಶೂಗಳ ಕರಕರ, ಅಷ್ಟೇ. ಭಾವನ ಮುಖದಲ್ಲಿ ನಾನು ಕ್ಲಿಯರ್ ಲೇಕ್‌ನಲ್ಲಿ ಎಂದೂ ನೋಡದ ಒಂದು ಸಮಾಧಾನವಿತ್ತು. ಅಕ್ಕ ಇದನ್ನೇ ಅವರಿಂದ ಕಿತ್ತುಕೊಳ್ಳಲಾರೆ ಎಂದದ್ದು ಎಂದು ಆಗ ತಿಳಿಯಿತು.

ಮರಗಳ ಅಂಚಿನಲ್ಲಿ, ಅಪಾಯವಿಲ್ಲದ ಒಂದು ಚಿಕ್ಕ ದಿಬ್ಬದಲ್ಲಿ ಅಂಕಲ್ ಎದೆಯಾಳದ ಗುಂಡಿ ತೋಡಿದರು. ಗುಂಡಿಯ ಗೋಡೆಯಲ್ಲಿ ಹಿಮದ ಪದರಗಳು ಕಾಣುತ್ತವೆ. ಎಲ್ಲಕ್ಕಿಂತ ಕೆಳಗಿನದನ್ನು ಅವರು ಕೈಗವಸಿನಲ್ಲಿ ತೆಗೆದು ನನಗೆ ತೋರಿಸಿದರು. ಒಂದಕ್ಕೊಂದು ಅಂಟದ ಕಾಳುಗಳು, ಬೆರಳ ಸಂದಿಯಿಂದ ಸುರಿದುಹೋದವು.

"ಇದು ಸಕ್ಕರಿ. ಮೊದಲನೇ ಹಿಮ ಬಿದ್ದು, ಚಳಿಗೆ ಹಿಂಗ ಕಾಳಾಗತೈತಿ. ಇದರ ಮ್ಯಾಲ ಗಾಳಿ ಬಡದು ಬಡದು ಕೂಡಿಸಿದ್ದು ಖಡಕ್ ರೊಟ್ಟಿ. ಸಕ್ಕರಿ ಮ್ಯಾಲ ರೊಟ್ಟಿ ಇಟ್ಟು ತಾಟು ವಾರೆ ಮಾಡಿದ್ರ ಏನಾಗತೈತಿ?"

"ಜಾರುತ್ತೆ."

"ಹೂಂ. ನಿನ್ನ ಕಾಲ ಕೆಳಗಿಂದಷ್ಟ ಜಾರತೈತಿ ಅಂತೇನಿಲ್ಲ. ಒಂದ್ಕಡೆ ಮುರದ್ರ ಸಾಕು, ಪೂರಾ ರೊಟ್ಟಿ ಬರತೈತಿ."

ಆಮೇಲೆ ತಟ್ಟುವ ಪರೀಕ್ಷೆ. ಹಿಮದಲ್ಲಿ ಒಂದು ಕಂಬ ಕೊಯ್ದು, ಅದರ ನೆತ್ತಿಯ ಮೇಲೆ ಸಲಿಕೆಯಿಟ್ಟು, ಮಣಿಕಟ್ಟಿನಿಂದ ಹತ್ತು ಪೆಟ್ಟು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು. ಎಷ್ಟನೆಯ ಪೆಟ್ಟಿಗೆ ಕಂಬ ಮುರಿಯುತ್ತದೋ ಅಷ್ಟು ಅದರ ಗಟ್ಟಿತನ. ಎಣಿಸಿದವಳು ನಾನು. ಹದಿಮೂರಕ್ಕೆ ಮುರಿಯಿತು. ಸ್ವಲ್ಪ ಮೇಲೆ ಹೋಗಿ ಇನ್ನೊಂದು ಕಡೆ ನೋಡಿದೆವು. ಅಲ್ಲಿ ಇಪ್ಪತ್ತೆರಡು. ನಾನು ಪೆನ್ಸಿಲ್ಲಿನಿಂದ ಬರೆದೆ: "13, 22. ಸರಾಸರಿ 17.5." ಹದಿನೇಳೂವರೆ ಕೆಟ್ಟ ಅಂಕಿಯಾಗಿ ಕಾಣಲಿಲ್ಲ.

ಅದನ್ನು ಬರೆಯುತ್ತಿದ್ದಾಗಲೇ ಎಲ್ಲೋ ಧುಪ್ ಎಂದಿತು. ತುಂಬಿದ ಮೂಟೆಯನ್ನು ಇಳಿಸಿದಂತೆ. ತಲೆ ಎತ್ತಿದೆ. ಭಾವ ಬೆಟ್ಟ ನೋಡುತ್ತಿದ್ದರು. ಅಂಕಲ್ ಸಲಿಕೆ ಮಡಿಸುತ್ತಿದ್ದರು. ಯಾರೂ ಏನೂ ಹೇಳಲಿಲ್ಲ. "ಒಂದು ಶಬ್ದ. ಮರದಿಂದ ಹಿಮ ಬಿದ್ದಿರಬೇಕು," ಎಂದು ಬರೆದೆ.

ಇಳಿಜಾರಿನ ಅಂಚಿಗೆ ಬಂದಾಗ ಹನ್ನೊಂದು ಇಪ್ಪತ್ತು. ಕೋನ ಅಳೆದೆ: ಮೂವತ್ತಾರು ಡಿಗ್ರಿ, ಜಾರಲು ಹೇಳಿಮಾಡಿಸಿದ್ದು. ಆಚೆ ದಡದಲ್ಲಿ ಒಂದು ಬಂಡೆ, ಅದರ ಹಿಂದೆ ಕೆರೆ. ಹೆಚ್ಚೆಂದರೆ ಇನ್ನೂರು ಹೆಜ್ಜೆ. ಬಿಸಿಲಿಗೆ ಇಡೀ ಬಯಲು ಸುಣ್ಣ ಬಳಿದ ಗೋಡೆಯಂತೆ ಹೊಳೆಯುತ್ತಿತ್ತು, ಒಂದು ಗೀರೂ ಇರಲಿಲ್ಲ.

"ಭಾಳ ಛಂದ ಐತಿ ಇವತ್ತು," ಎಂದರು ಅಂಕಲ್.

"ನೀವು ಎಂಟು ಸಲ ದಾಟಿದೀರ ಅಂದ್ಮೇಲೆ…" ಎಂದರು ಭಾವ.

"ಒಬ್ಬೊಬ್ಬರಾಗಿ ದಾಟಿದರೆ ಆಯ್ತು," ಎಂದೆ ನಾನು.

ಹೀಗೆ ಮೂರೇ ಮಾತಿನಲ್ಲಿ ನಾವು ಹೊರಟೇಬಿಟ್ಟಿದ್ದೆವು. ಭಾವ ಬ್ಯಾಗಿನ ಪಟ್ಟಿ ಬಿಗಿ ಮಾಡಿಕೊಳ್ಳುವಾಗ ಒಳಗೆ ಡಬ್ಬಿ ಟಣ್ ಎಂದಿತು. ಮೂವರೂ ನಿಂತೆವು. ಅಕ್ಕನೇ ಕರೆದಂತಾಯಿತು.

ಡೈರಿಯ ಹಾಳೆ ಹರಿದು ಮೂರು ಚೂರು ಮಾಡಿದೆ. ಕೈಗವಸು ತೆಗೆದರೆ ಬೆರಳು ಮರದ ಕಡ್ಡಿ. ಒಬ್ಬರಿಗೊಬ್ಬರು ಬೆನ್ನು ಹಾಕಿ ಬರೆದೆವು. ಅಂಕಲ್‌ಗೆ ಎಲ್ಲರಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಡಬ್ಬಿ ಕುಲುಕಿ ಮುಚ್ಚಳ ತೆಗೆದು, ಒಂದೊಂದಾಗಿ ಬಿಡಿಸಿ ಓದಿದ್ದು ನಾನೇ.

ಮೊದಲನೆಯದು: "ಹೋಗೋಣ."

ಎರಡನೆಯದು: "ವಾಪಸ್."

ಮೂರನೆಯದು: "ಹಿಂದಕ್ಕ ಹೋಗೂಣು."

ಗುಟ್ಟಿನ ಚೀಟಿಯಲ್ಲೂ ಹುಬ್ಬಳ್ಳಿಯನ್ನು ಅಡಗಿಸಲಾಗಿರಲಿಲ್ಲ. ಭಾವ ಮೊದಲು ನಕ್ಕರು. ಆಮೇಲೆ ಅಂಕಲ್. "ಕೇಳಂಗಿಲ್ಲ, ಕೇಳಂಗಿಲ್ಲ, ಅಕ್ಕಾರ ಆರ್ಡರ್ ಐತಿ," ಎನ್ನುತ್ತಲೇ ಸರಕ್ಕನೆ ಹಿಂದಕ್ಕೆ ತಿರುಗಿ, ಬಂದ ಹೆಜ್ಜೆಗಳಲ್ಲೇ ಇಳಿಯತೊಡಗಿದರು. ಬೆಳಗಿನಿಂದ ಅವರು ಅಷ್ಟು ಹಗುರಾಗಿ ನಡೆದದ್ದನ್ನು ನಾನು ನೋಡಿರಲಿಲ್ಲ.

ಕೇಳುವ ಹಾಗಿರಲಿಲ್ಲ, ಆದರೆ ಮೂವರಲ್ಲಿ ಇಬ್ಬರು ನಗುತ್ತಿದ್ದರೆ ಉಳಿದ ಚೀಟಿ ಯಾರದೆಂದು ಕೇಳುವ ಅಗತ್ಯವೂ ಇರಲಿಲ್ಲ. "ಹೋಗೋಣ" ನನ್ನದು.

ಮರಗಳ ನಡುವೆ, ಬಿದ್ದ ದಿಮ್ಮಿಯ ಮೇಲೆ ಕುಳಿತು ತಣ್ಣಗಿನ ಚಪಾತಿ ತಿಂದೆವು. ಮಾತು ತಾನಾಗಿ ಹೊರಬಂತು.

"ಆ ಧುಪ್ ಅಂದದ್ದು ಕೇಳಿದ್ಯಾ ತಮ್ಮಾ?"

"ಕೇಳ್ದೆ ಅಂಕಲ್. ಕಾಲ ಕೆಳಗೆ ಕುಸಿದ ಹಾಗಾಯ್ತು. ನೀವು ಸುಮ್ನಿದ್ರಿ, ಅದಕ್ಕೆ ಏನಿಲ್ಲ ಅಂದ್ಕೊಂಡೆ."

"ನೀ ಸುಮ್ಕಿದ್ದಿ ಅಂತ ನಾ ಸುಮ್ಕಿದ್ದೆ! ಅದು ಸಕ್ಕರಿ ಕುಸದ ಸಪ್ಪಳ. ರೊಟ್ಟಿ ಕೆಳಗ ಜೀವ ಇಲ್ಲ ಅಂತ ಬೆಟ್ಟನ ಹೇಳಿದಂಗ." ಅವರು ಚಪಾತಿಯ ಚೂರನ್ನು ನೋಡುತ್ತ ಕೂತರು. "ನಾ ಹಿರ್ಯಾ ಮನಶ್ಯಾ. ಅಷ್ಟು ದೂರ ಕರಕೊಂಡು ಬಂದು ನಾನ ಅಂಜಿದ್ರ ಹೆಂಗ ಅಂತ. ಬಾಯಾಗ ಛಂದ ಐತಿ ಅಂದೆ. ಹೊಟ್ಟ್ಯಾಗ ಬ್ಯಾರೆ ಇತ್ತು."

ನಾನು ಡೈರಿ ತೆರೆದು ತೋರಿಸಿದೆ. ಸಮರ್ಥಿಸಿಕೊಳ್ಳಬೇಕಿತ್ತು. ಹದಿಮೂರು, ಇಪ್ಪತ್ತೆರಡು, ಸರಾಸರಿ.

ಅಂಕಲ್ ಕನ್ನಡಕ ಮೇಲೆತ್ತಿ ಓದಿದರು. "ತಂಗಿ, ಒಂದು ಹಲ್ಲು ಹುಳುಕು, ಬಾಜೂದ್ದು ಗಟ್ಟಿ. ಸರಾಸರಿ ತಗದ್ರ ಬ್ಯಾನಿ ಅರ್ಧ ಆಗತೈತೇನು? ಗಟ್ಟಿ ಜಾಗಾದಾಗ ಕಾಲಿಟ್ರ ಏನಾಗೂದಿಲ್ಲ. ಹದಿಮೂರರ ಜಾಗಾ ಎಲ್ಲೆಲ್ಲಿ ಐತಿ ಅಂತ ಯಾರಿಗೆ ಗೊತ್ತು?"

ಆಫೀಸಿನಲ್ಲಿ ಮಾಡುವುದನ್ನೇ ಬೆಟ್ಟಕ್ಕೂ ಮಾಡಿದ್ದೆ. ಇನ್ನೊಂದು ತಪ್ಪು ಅದಕ್ಕಿಂತ ದೊಡ್ಡದು, ಅದು ಇಳಿಯುವಾಗ ಹೊಳೆಯಿತು. ಹತ್ತೊಂಬತ್ತು, ಹದಿನಾಲ್ಕು, ಹನ್ನೊಂದು, ಒಂಬತ್ತು, ಏಳು ಎಂದು ಇಳಿದ ನನ್ನ ಅಂಕಿಗಳೆಲ್ಲ ಹೂತವರನ್ನು ಹುಡುಕುವ ವೇಗ. ಸಮತಟ್ಟಾದ ಮರಳಿನಲ್ಲಿ, ಪ್ಲಾಸ್ಟಿಕ್ ಚೀಲವೊಂದನ್ನು. ಅದರಿಂದ ಯಾರೂ ಹೂತುಹೋಗದಂತೆ ಆಗುವುದಿಲ್ಲ. ಭಾವ ಹೂತುಹೋದರೆ ಏಳು ನಿಮಿಷದಲ್ಲಿ ತೆಗೆಯಬಲ್ಲೆ ಎಂಬ ಹೆಮ್ಮೆಯಲ್ಲಿ ಅವರನ್ನು ಆ ಇಳಿಜಾರಿಗೆ ಇಳಿಸಲು ನಾನು ಸಹಿ ಹಾಕಿದ್ದೆ. ಅಕ್ಕ ನನ್ನನ್ನು ಕಳಿಸಿದ್ದು ಇದಕ್ಕಲ್ಲ.

ಕಣ್ಣು ತುಂಬಿದ್ದನ್ನು ಅಂಕಲ್ ನೋಡಿರಬೇಕು. ಮುಂದೆ ನಡೆಯುತ್ತಲೇ, ತಿರುಗದೆ ಹೇಳಿದರು. "ಎಂಟು ವರ್ಷ ನಾನೂ ಹೋಗೂಣು ಅಂತನ ಬರದಾವ ತಂಗಿ. ಚೀಟಿ ಇರಲಿಲ್ಲ, ಅಷ್ಟ."

ಪೇಟೆಯ ಗ್ಯಾಸ್ ಸ್ಟೇಷನ್ನಿನಲ್ಲಿ ಫೋನಿಗೆ ಸಿಗ್ನಲ್ ಬಂತು. ಭಾವ ಅಕ್ಕನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ವಾಪಸ್ ಬಂದೆವು ಎಂದರು. ಆ ಕಡೆ ಒಂದು ನಿಟ್ಟುಸಿರು ಕೇಳಿಸಿತು.

"ಚೀಟಿ ಹಾಕಿದ್ರಾ?"

"ಹಾಕಿದ್ವಿ."

"ಎಷ್ಟೆಷ್ಟು?"

ಭಾವ ನನ್ನ ಕಡೆ ನೋಡಿದರು. "ಮೂರೂ ವಾಪಸ್ಸೇ. ಶಾನುಭೋಗರು ಎಣಿಸಿದಾರೆ."

ಆ ಸಂಜೆ ಮೋಟೆಲಿನಲ್ಲಿ ನಾನೂ ಹಾಗೆಯೇ ಬರೆದೆ: "ವಾಪಸ್ 3, ಹೋಗೋಣ 0." ಹದಿನಾಲ್ಕು ವರ್ಷದ ಡೈರಿಗಳಲ್ಲಿ ಗೊತ್ತಿದ್ದೂ ಬರೆದ ಸುಳ್ಳು ಅದೊಂದೇ. ಆ ಇಳಿಜಾರು ಅಂದು ಜಾರಿತೋ ಇಲ್ಲವೋ ನಮಗೆ ಇವತ್ತಿಗೂ ಗೊತ್ತಿಲ್ಲ. ನಾವು ದಾಟಿದ್ದರೂ ಏನೂ ಆಗದೆ ಇರಬಹುದಿತ್ತು. ಅದನ್ನು ಬರೆಯಲು ನನ್ನ ಬಳಿ ಕಾಲಂ ಇರಲಿಲ್ಲ.

ಜೂನಿನಲ್ಲಿ ಹೆಣ್ಣು ಮಗು ಹುಟ್ಟಿತು. ಅಮ್ಮ ಮೈಸೂರಿನಿಂದ ಬರಲು ಇನ್ನೂ ಒಂದು ವಾರವಿದ್ದುದರಿಂದ ನಾನು ರಜೆ ಹಾಕಿ ಕ್ಲಿಯರ್ ಲೇಕ್‌ಗೆ ಹೋದೆ. ಫ್ರಿಜ್ಜಿನ ಬಾಗಿಲಿಗೆ ಪಟ್ಟಿ ಅಂಟಿಸಿದೆ: ಹಾಲು ಎಷ್ಟು ಗಂಟೆಗೆ, ಯಾವ ಕಡೆ, ಎಷ್ಟು ನಿಮಿಷ. ಭಾವ ಅದಕ್ಕೆ ಮುನ್ಸೂಚನೆ ಎಂದು ಹೆಸರಿಟ್ಟು, ಮಗಳ ಅಳುವಿಗೆ ಒಂದರಿಂದ ಐದರವರೆಗೆ ಮಟ್ಟ ಹಾಕುತ್ತಿದ್ದರು.

ಮಗುವಿಗೆ ಹನ್ನೊಂದು ದಿನವಾದಾಗ, ಒಂದು ಮಧ್ಯಾಹ್ನ, ಭಾವ ಆಫೀಸಿಗೆ ಹೋಗಿದ್ದರು. ಡಲ್ಲಾಸ್ ಆಂಟಿ ಕಳಿಸಿದ್ದ ಅಂಟಿನುಂಡೆ ಕೊಡು ಎಂದಳು ಅಕ್ಕ. ಯಾವ ಡಬ್ಬಿ ಎಂದು ಕೇಳದೆ ಮೊದಲು ಕೈಗೆ ಸಿಕ್ಕಿದ್ದನ್ನು ತೆರೆದೆ. ಉಂಡೆ ಇರಲಿಲ್ಲ. ಮೂರು ಚೀಟಿಗಳಿದ್ದವು, ಅಂಚು ಸುರುಟಿಕೊಂಡು.

ಬೆಟ್ಟದಲ್ಲಿ ಡಬ್ಬಿ ಮುಚ್ಚಿ ಭಾವನ ಬ್ಯಾಗಿಗೆ ಹಾಕಿದ್ದೆವು. ಅದರ ಗೊಡವೆಗೆ ಆಮೇಲೆ ಯಾರೂ ಹೋಗಿರಲಿಲ್ಲ.

"ಯಾವಾಗ ನೋಡಿದೆ?" ಎಂದೆ.

"ಅವರ ಬ್ಯಾಗ್ ಖಾಲಿ ಮಾಡಿದ ದಿನಾನೇ."

"ಫೆಬ್ರವರಿಯಿಂದ ಯಾಕೆ ಕೇಳ್ಲಿಲ್ಲ?"

"ಕೇಳೋ ಹಾಗಿಲ್ಲ ಅಂತ ರೂಲ್ ಮಾಡಿದ್ದು ನಾನೇ ಅಲ್ವೇನೇ." ಮಡಿಲಲ್ಲಿ ಮಗು ಮಲಗಿತ್ತು. ಅಕ್ಕ ಅದರ ಟೋಪಿ ಸರಿಮಾಡಿದಳು. "ಈಗ್ಲೂ ಕೇಳ್ತಿಲ್ಲ. ನಿನ್ನ ಗುಂಡು ಅಕ್ಷರ ನಂಗೆ ಒಂದನೇ ಕ್ಲಾಸಿಂದ ಗೊತ್ತು. ಡೈರಿಯಲ್ಲಿ ಏನು ಬರ್ದಿದೀಯ ಅದನ್ನ ತೋರ್ಸು."

ತಂದು ತೋರಿಸಿದೆ. ಅವಳು ಪುಟವನ್ನು ಪೂರ್ತಿ ಓದಿದಳು, ಹದಿನೇಳೂವರೆಯನ್ನೂ, ಮರದಿಂದ ಬಿದ್ದ ಹಿಮವನ್ನೂ.

"ಅಕ್ಕಾ, ನೀನು ನಂಬಿ ಕಳಿಸಿದ್ದೆ. ನಾನು…"

"ನಂಬಿದ್ದಕ್ಕೇ ಮೂರು ಚೀಟಿ ಅಂದಿದ್ದು. ಒಬ್ಬರನ್ನೇ ನಂಬೋದಾಗಿದ್ರೆ ಒಂದು ಸಾಕಿತ್ತು." ಅವಳು ಪುಟವನ್ನು ನನ್ನ ಕಡೆ ತಿರುಗಿಸಿದಳು. "ಅವರು ಫೋನಲ್ಲಿ ನನಗೆ ಸುಳ್ಳು ಹೇಳಿದ್ದು ಪರವಾಗಿಲ್ಲ, ನಿನ್ನ ಮೇಲಿನ ಪ್ರೀತಿಗೆ ಹೇಳಿದ್ದು. ಇದು ಮಾತ್ರ ಸರಿ ಮಾಡು. ಇವಳು ದೊಡ್ಡೋಳಾಗಿ ಅಪ್ಪನ ಜೊತೆ ಬೆಟ್ಟಕ್ಕೆ ಹೋಗ್ತೀನಿ ಅಂತಾಳೆ, ನಂಗೆ ಗ್ಯಾರಂಟಿ. ಆಗ ಇದನ್ನ ಓದ್ತಾಳೆ. ಮೂರೂ ಜನಕ್ಕೆ ಒಟ್ಟಿಗೆ ಭಯ ಆಯ್ತು ಅಂತ ಇದ್ರೆ, ಭಯ ಯಾವಾಗ್ಲೂ ಎಲ್ರಿಗೂ ಒಟ್ಟಿಗೇ ಬರುತ್ತೆ ಅಂದ್ಕೋತಾಳೆ. ಇವಳಿಗೊಬ್ಬಳಿಗೇ ಭಯ ಆದ ದಿನ ಬಾಯಿ ಮುಚ್ಕೊಂಡು ದಾಟಿಬಿಡ್ತಾಳೆ."

ಪೆನ್ನು ತಂದೆ. ಮೂರು, ಸೊನ್ನೆ ಎರಡನ್ನೂ ಹೊಡೆದುಹಾಕಿ ಎರಡು, ಒಂದು ಎಂದು ಬರೆದೆ. ಕೆಳಗೆ ಸೇರಿಸಿದೆ: "ಆ ಒಂದು ನನ್ನದು." ಸರಾಸರಿಯ ಮೇಲೂ ಗೀಟು ಎಳೆದೆ.

"ಅಳ್ಬೇಡ್ವೇ, ಇಂಕು ಹರಡುತ್ತೆ," ಅಂದಳು ಅಕ್ಕ. "ಉಂಡೆ ಎಲ್ಲಿ?"

ಉಂಡೆ ಪಕ್ಕದ ಡಬ್ಬಿಯಲ್ಲಿತ್ತು. ಕೊಡುವಷ್ಟರಲ್ಲಿ ಮಗು ಎದ್ದು, ಮಟ್ಟ ಎರಡರಿಂದ ನೇರ ನಾಲ್ಕಕ್ಕೆ ಹೋಯಿತು. ಚೀಟಿಗಳನ್ನು ಮತ್ತೆ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿಮಾಡಿ, ಶೆಲ್ಫಿನಲ್ಲಿಟ್ಟು ಫ್ರಿಜ್ಜಿನ ಹತ್ತಿರ ಹೋದೆ. ಪಟ್ಟಿಯಲ್ಲಿ ಬರೆದೆ: 3:40. ಎಡಗಡೆ. ಹನ್ನೆರಡು ನಿಮಿಷ.